ಪ್ಲೇಗಿನ ಮದ್ದನ್ನು ಮೊದಲು ತಮಗೇ ಚುಚ್ಚಿಸಿಕೊಂಡ ಹಾಫ್‌ಕಿನರ ಚರಿತ್ರೆ



ನಮ್ಮ ಸೀಮೆಯ ಹಳ್ಳಿಗಳಲ್ಲಿ ಬಹುಕಾಲದ ವರೆಗೆ ಹಿರಿಯರು ಒಬ್ಬರ ಹುಟ್ಟನ್ನಾಗಲಿ ಮದುವೆಯನ್ನಾಗಲಿ ಲೆಕ್ಕಿಸುವಾಗ ಇಸವಿಯನ್ನು ಹೇಳದೆ, ಪ್ಲೇಗು ಬಂದ ವರುಷಕ್ಕೆ ಮುಂಚೆ ಎಂತಲೋ ಆಮೇಲೆ ಎಂತಲೋ ಹೇಳುತ್ತಿದ್ದರು. ಮೊದಲು ಮನೆಯ ಅಟ್ಟದಿಂದ ಇಲಿಗಳು ಸತ್ತು ಬೀಳುವವು. ಬಳಿಕ ಮನೆಯವರಿಗೆ ಜ್ವರ ಬಂದು, ತೊಡೆಯ ಸಂದಿನಲ್ಲಾಗಲಿ ಕಂಕುಳಲ್ಲಾಗಲಿ ಗಡ್ಡೆ ಏಳುವದು. ಕೆಲವೇ ದಿವಸಗಳಲ್ಲಿ ಪ್ರಾಣವು ಹೋಗುವದು. ಉಳಿದವರು ಮನೆಗೆ ಬೀಗ ಹಾಕಿ, ಊರ ಹೊರಗಿನ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ಬೇನೆ ಇಳಿಯುವ ತನಕ ಅಲ್ಲೇ ಇರುವರು. ಆ ದಿನಗಳಲ್ಲಿ ಈ ಬೇನೆಗೆ ಎದುರಾಗಿ ನಿಂತವರಲ್ಲಿ ಒಬ್ಬ ಪರದೇಶಸ್ಥರಿದ್ದರು. ಅವರ ಹೆಸರನ್ನು ಮುಂಬಯಿಯ ಒಂದು ಸಂಸ್ಥೆಯ ಹೆಸರಿನಿಂದ ಅನೇಕರು ಬಲ್ಲರು. ಆದರೆ ಅವರು ಪಟ್ಟ ಕಷ್ಟವನ್ನೂ ಹೊತ್ತ ನಿಂದೆಯನ್ನೂ ಬಲ್ಲವರು ಸ್ವಲ್ಪ ಜನರೇ. ಅವರ ಚರಿತ್ರೆಯನ್ನು ಸಂಕ್ಷೇಪವಾಗಿ ನಿಮ್ಮ ಮುಂದೆ ಇಡಬೇಕೆಂದು ನಾವು ಅಪೇಕ್ಷಿಸುತ್ತೇವೆ.

ವಾಲ್ಡೆಮಾರ್ ಮೊರ್ದೆಕೈ ಹಾಫ್‌ಕಿನರು 1860ನೇ ಇಸವಿ ಮಾರ್ಚಿ 15ರಲ್ಲಿ ಕಪ್ಪು ಸಮುದ್ರದ ತೀರದ ಒಡೆಸ್ಸಾ ಪಟ್ಟಣದಲ್ಲಿ ಹುಟ್ಟಿದರು. ಆ ಪಟ್ಟಣವು ಆಗ ರಷ್ಯಾ ಚಕ್ರವರ್ತಿಯ ರಾಜ್ಯಕ್ಕೆ ಸೇರಿತ್ತು. ಈಗ ಯುಕ್ರೇನ್ ದೇಶದಲ್ಲಿದೆ. ಅವರ ಮನೆಯವರು ಯೆಹೂದ್ಯರು. ಎಸ್ತೇರಳ ಚರಿತ್ರೆಯನ್ನು ಓದಿದವರಿಗೆ ಮೊರ್ದೆಕೈ ಎಂಬ ಹೆಸರು ಹೊಸದಲ್ಲ. ಹಾಫ್‌ಕಿನರು ಒಡೆಸ್ಸಾದ ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರವನ್ನು ಓದಿದರು. ಅಲ್ಲಿ ಮೆಚ್ನಿಕಾಫ್ ಎಂಬ ಪ್ರಸಿದ್ಧ ಪಂಡಿತರು ಅವರಿಗೆ ಗುರುಗಳಾಗಿದ್ದರು. ಹಾಫ್‌ಕಿನರು ವೈದ್ಯರಾಗಿ ಪರೀಕ್ಷೆ ಕೊಟ್ಟವರಲ್ಲ, ಸೂಕ್ಷ್ಮಜೀವಿಗಳನ್ನು ಪರೀಕ್ಷಿಸಿ ನೋಡುವ ಶಾಸ್ತ್ರಜ್ಞರು ಎಂಬದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ವೈದ್ಯಾಧಿಕಾರಿಗಳಲ್ಲಿ ಕೆಲವರು ಅವರನ್ನು ತಮ್ಮವರೆಂದು ಎಣಿಸದೆ ಹೋದದ್ದಕ್ಕೆ ಇದೂ ಒಂದು ಕಾರಣವಾಯಿತು.

1881ರಲ್ಲಿ ರಷ್ಯಾದ ಚಕ್ರವರ್ತಿಯನ್ನು ಕೊಂದ ಮೇಲೆ ಆ ದೇಶದ ಅನೇಕ ಊರುಗಳಲ್ಲಿ ಜನರು ಗುಂಪುಗೂಡಿ ಯೆಹೂದ್ಯರ ಮನೆಗಳನ್ನು ಸುಲಿಗೆ ಮಾಡಿದರು. ತನ್ನ ಜನರನ್ನು ಕಾಯುವದಕ್ಕೆ ನಿಂತ ಯುವಕರಲ್ಲಿ ಹಾಫ್‌ಕಿನರೂ ಸೇರಿದ್ದರಿಂದ ಸೆರೆಗೆ ಹೋಗಬೇಕಾಯಿತು. ಗುರುಗಳ ಸಹಾಯದಿಂದ ಬಿಡುಗಡೆಯಾಯಿತು. ವಿದ್ಯೆ ಮುಗಿದ ಮೇಲೆ ಅವರಿಗೆ ಅಧ್ಯಾಪಕರ ಉದ್ಯೋಗವು ದೊರೆಯಬೇಕಾಗಿತ್ತು. ಆದರೆ ಯೆಹೂದ್ಯನಾಗಿದ್ದವನಿಗೆ ಆ ದೇಶದಲ್ಲಿ ಅಂಥ ಸ್ಥಾನವಿಲ್ಲ, ದೇಶದ ಸಭೆಗೆ ಸೇರಿ ಸ್ನಾನ ಮಾಡಿಸಿಕೊಂಡರೆ ಮಾತ್ರ ಉಂಟು. ಹಾಫ್‌ಕಿನರು ಒಪ್ಪಲಿಲ್ಲ. ಉದ್ಯೋಗಕ್ಕಾಗಿ ಮತವನ್ನು ಬದಲಾಯಿಸುವದು ನಂಬಿಕೆಯಲ್ಲ, ವ್ಯಾಪಾರವೇ ಸರಿ. ಅನ್ನಕ್ಕಾಗಿ ಮತ ಬಿಟ್ಟವರೆಂಬ ಹಾಸ್ಯವನ್ನು ನೆರೆಯವರಿಂದ ಕೇಳಿ ನೊಂದಿರುವ ನಮ್ಮ ಸಭೆಗಳವರಿಗೆ ಈ ನಿರಾಕರಣೆಯ ಬೆಲೆಯು ಬೇಗ ತಿಳಿಯುವದು. ಯೆಹೂದ್ಯರಾಗಿಯೇ ಹುಟ್ಟಿ ಯೆಹೂದ್ಯರಾಗಿಯೇ ಸತ್ತ ಈ ಮನುಷ್ಯರ ಪ್ರಾಮಾಣಿಕತೆಯನ್ನು ನಾವು ಸಂಕೋಚವಿಲ್ಲದೆ ಗೌರವಿಸುತ್ತೇವೆ.

1888ರಲ್ಲಿ ಅವರು ಸ್ವದೇಶವನ್ನು ಬಿಟ್ಟು ಸ್ವಿಟ್ಜರ್ಲೆಂಡಿನ ಜಿನೀವಾಕ್ಕೆ ಹೋದರು. ಮರುವರುಷ ಫ್ರಾನ್ಸಿನ ಪ್ಯಾರಿಸ್ ಪಟ್ಟಣಕ್ಕೆ ಬಂದರು. ಹುಚ್ಚುನಾಯಿ ಕಚ್ಚಿದವರಿಗೆ ಮದ್ದನ್ನು ಕಂಡುಹಿಡಿದ ಪಾಸ್ತರ್ ಮಹಾಶಯರ ಸಂಸ್ಥೆಯು ಅಲ್ಲಿತ್ತು. ಮೆಚ್ನಿಕಾಫರೂ ಅಲ್ಲಿಗೆ ಬಂದು ಸೇರಿದ್ದರು. ಆದರೆ ಶಿಷ್ಯನಿಗೆ ಕೊಡತಕ್ಕ ಕೆಲಸವು ಪುಸ್ತಕ ಭಂಡಾರದಲ್ಲಿ ಮಾತ್ರ ಖಾಲಿ ಇತ್ತು. ಹಾಫ್‌ಕಿನರು ಅದನ್ನೇ ಒಪ್ಪಿಕೊಂಡು, ಪುಸ್ತಕಗಳನ್ನು ಎತ್ತಿ ಇಡುವ ಕೆಲಸದಿಂದ ಬಿಡುವಾದ ಹೊತ್ತಿನಲ್ಲಿ ಸೂಕ್ಷ್ಮದರ್ಶಕ ಯಂತ್ರದ ಮುಂದೆ ಕೂತುಕೊಳ್ಳುತ್ತಿದ್ದರು. ಚಿಕ್ಕ ಕೆಲಸವೆಂದು ನಾಚಿಕೊಳ್ಳದೆ ಇದ್ದದರಿಂದಲೇ ಅವರಿಗೆ ದೊಡ್ಡ ಕೆಲಸದ ಬಾಗಲು ತೆರೆಯಿತು.

ಆ ಕಾಲದಲ್ಲಿ ವಾಂತಿಭೇದಿ ಎಂಬ ಕಾಲರಾ ಬೇನೆಯು ಅನೇಕ ದೇಶಗಳಲ್ಲಿ ಹಬ್ಬಿತ್ತು. ಜರ್ಮನಿಯ ಕಾಖ್ ಎಂಬ ಪಂಡಿತರು 1884ರಲ್ಲಿ ನಮ್ಮ ಕಲ್ಕತ್ತೆಯಲ್ಲಿಯೇ ಪರೀಕ್ಷೆಗಳನ್ನು ನಡಿಸಿ, ಆ ಬೇನೆಗೆ ಕಾರಣವಾದ ಬಾಗಿದ ಆಕಾರದ ಸೂಕ್ಷ್ಮಜೀವಿಯನ್ನು ಕೆರೆಯ ನೀರಿನಲ್ಲಿಯೂ ಕಂಡಿದ್ದರು. ಹಾಫ್‌ಕಿನರು ಆ ರೋಗಬೀಜವನ್ನು ಎರಡು ವಿಧವಾಗಿ ಪಳಗಿಸಿದರು. ಬಿಸಿಯಲ್ಲಿಯೂ ಗಾಳಿಯಲ್ಲಿಯೂ ಬೆಳೆಸಿ ಒಂದನ್ನು ಬಲಹೀನ ಮಾಡಿದರು. ಗಿನಿಹಂದಿ ಎಂಬ ಚಿಕ್ಕ ಪ್ರಾಣಿಗಳ ದೇಹದಲ್ಲಿ ಒಂದರಿಂದ ಒಂದಕ್ಕೆ ದಾಟಿಸಿ ಇನ್ನೊಂದನ್ನು ಹೆಚ್ಚು ಬಲಪಡಿಸಿದರು. ಮೊದಲು ಬಲಹೀನವಾದದ್ದನ್ನು ಚರ್ಮದ ಕೆಳಗೆ ಚುಚ್ಚಿ, ಕೆಲವು ದಿವಸಗಳಾದ ಮೇಲೆ ಬಲವಾದದ್ದನ್ನು ಚುಚ್ಚಿದರೆ ದೇಹವು ಹೋರಾಡುವದನ್ನು ಕಲಿತುಕೊಳ್ಳುವದೆಂದು ಪ್ರಾಣಿಗಳಲ್ಲಿ ನೋಡಿದರು. ಎಳೆಯ ಎತ್ತಿಗೆ ಮೊದಲು ಹಗುರವಾದ ನೊಗವನ್ನು ಹೂಡಿ ಬಳಿಕ ಭಾರದ ಬಂಡಿಗೆ ಕಟ್ಟುವಂತೆಯೇ ಇದು.

ಪ್ರಾಣಿಗಳಲ್ಲಿ ಸರಿಯಾಗಿ ನಡೆದದ್ದು ಮನುಷ್ಯರಲ್ಲಿ ನಡೆಯುವದೋ ಇಲ್ಲವೋ ಯಾರಿಗೂ ತಿಳಿಯದು. ಬೇರೊಬ್ಬರ ಮಗನನ್ನು ಕರೆದು ಪರೀಕ್ಷೆ ಮಾಡುವದು ಹಾಫ್‌ಕಿನರಿಗೆ ಸರಿಬೀಳಲಿಲ್ಲ. 1892ನೇ ಇಸವಿ ಜುಲೈ 18ರಲ್ಲಿ ಅವರು ಆ ಮದ್ದನ್ನು ತಮ್ಮ ದೇಹಕ್ಕೇ ಚುಚ್ಚಿಕೊಂಡರು. ಜ್ವರ ಬಂತು, ನೋವಾಯಿತು, ವಾಸಿಯಾಯಿತು. ಆಮೇಲೆ ಅವರ ಸ್ನೇಹಿತರು ಕೆಲವರು ಮುಂದೆ ಬಂದರು. ಬೇನೆಯು ಎಲ್ಲಿ ಹೆಚ್ಚಾಗಿದೆಯೋ ಅಲ್ಲಿ ಹೋಗಿ ಇದನ್ನು ಪರೀಕ್ಷಿಸಬೇಕೆಂದು ಅವರು ಹುಡುಕುತ್ತಿರಲಾಗಿ, ಹಿಂದೆ ಇಂಡಿಯಾ ದೇಶದ ವೈಸರಾಯರಾಗಿದ್ದು ಆಗ ಪ್ಯಾರಿಸಿನಲ್ಲಿ ಇಂಗ್ಲಿಷ್ ರಾಯಭಾರಿಗಳಾಗಿದ್ದ ಡಫರಿನ್ ಪ್ರಭುಗಳು ಇಂಡಿಯಾಕ್ಕೆ ಹೋಗುವಂತೆ ಪ್ರೇರಿಸಿದರು. ಹೀಗೆ 1893ರ ಮಾರ್ಚಿಯಲ್ಲಿ ಅವರು ಕಲ್ಕತ್ತೆಗೆ ಬಂದು ಇಳಿದರು.

ಬಂದವರಿಗೆ ಸುಲಭವಾದ ಸ್ವಾಗತ ದೊರೆಯಲಿಲ್ಲ. ಭಾಷೆ ಬಾರದ ಬಿಳಿಯ ಮನುಷ್ಯನೊಬ್ಬನು ಸೂಜಿಯನ್ನು ಹಿಡಿದುಕೊಂಡು ಕೇರಿಗೆ ಬಂದರೆ ಜನರು ಹೆದರುವದು ಸಹಜವೇ. ಒಮ್ಮೆ ಕಲ್ಲುಗಳನ್ನು ಎಸೆದು ಅವರ ಗಾಜಿನ ಸಾಮಾನುಗಳನ್ನು ಒಡೆದರೆಂದೂ ಹೇಳುತ್ತಾರೆ. ಹಾಫ್‌ಕಿನರು ಪೊಲೀಸರನ್ನು ಕರೆದುಕೊಂಡು ಬಂದು ಬಲಾತ್ಕಾರ ಮಾಡುವವರಾಗಿರಲಿಲ್ಲ. ಬಂಗಾಳಿ ವೈದ್ಯರು ಕೆಲವರು ಅವರಿಗೆ ಸಹಾಯಕರಾದರು. ಜನರ ಕಣ್ಣ ಮುಂದೆ ಮೊದಲು ಇವರೇ ಚುಚ್ಚಿಸಿಕೊಳ್ಳುವರು, ನೋಡಿದವರಲ್ಲಿ ಧೈರ್ಯವುಳ್ಳವರು ತೋಳನ್ನು ಚಾಚುವರು, ಒತ್ತಾಯವೇನೂ ಇಲ್ಲ. ಆಗ್ರಾ ಮೊದಲಾದ ಉತ್ತರದ ಪಟ್ಟಣಗಳಲ್ಲಿಯೂ ದಂಡುಗಳಲ್ಲಿಯೂ ಸೆರೆಮನೆಗಳಲ್ಲಿಯೂ ಆಸಾಮಿನ ಚಹದ ತೋಟಗಳಲ್ಲಿಯೂ ತಿರುಗಿ, 1895ರೊಳಗೆ ಸುಮಾರು 42,000 ಜನರಿಗೆ ಮದ್ದನ್ನು ಹಾಕಿದರು.

ಆದರೆ ಮದ್ದನ್ನು ಹಾಕುವದು ಒಂದು, ಅದು ಫಲ ಕೊಟ್ಟಿತೆಂದು ತಿಳಿಯುವದು ಬೇರೊಂದು. ಈ ಸಂಗತಿಯನ್ನು ನಮ್ಮ ವಾಚಕರು ನಿಧಾನವಾಗಿ ಗ್ರಹಿಸಬೇಕು. ಒಂದು ಊರಿಗೆ ಬೇನೆ ಬಂದಾಗ ಒಬ್ಬನು ಹರಕೆ ಹೊರುತ್ತಾನೆ, ಒಬ್ಬನು ತಾಯಿತ ಕಟ್ಟುತ್ತಾನೆ, ಒಬ್ಬನು ಕಷಾಯ ಕುಡಿಯುತ್ತಾನೆ. ಬೇನೆ ಹೋದ ಮೇಲೆ ಬದುಕಿದವರೆಲ್ಲರೂ ತಾವು ಮಾಡಿದ್ದರಿಂದಲೇ ಬದುಕಿದೆವು ಎನ್ನುತ್ತಾರೆ. ಸತ್ತವರು ಬಂದು ಸಾಕ್ಷಿ ಹೇಳುವದಿಲ್ಲ. ಮದ್ದನ್ನು ಹಾಕುವವನೂ ಇದೇ ಮೋಸಕ್ಕೆ ಒಳಗಾಗಬಹುದು. ಆದಕಾರಣ ಒಂದೇ ಕೇರಿಯಲ್ಲಿ, ಒಂದೇ ನೀರು ಕುಡಿದು, ಒಂದೇ ಅಡಿಗೆಯನ್ನು ಉಣ್ಣುವವರೊಳಗೆ ಹಾಕಿಸಿಕೊಂಡವರು ಎಷ್ಟು, ಹಾಕಿಸಿಕೊಳ್ಳದವರು ಎಷ್ಟು, ಎರಡು ಪಂಗಡಗಳಲ್ಲಿ ಬಿದ್ದವರು ಎಷ್ಟು ಎಂದು ಎಣಿಸಿ ಬರಕೊಳ್ಳಬೇಕೆಂದು ಹಾಫ್‌ಕಿನರು ಹಟ ಹಿಡಿದರು.

ಕಲ್ಕತ್ತೆಯಲ್ಲಿ ಕಾಂಠಾಲ್ ಬಾಗಾನ್, ಅಂದರೆ ಹಲಸಿನ ತೋಟವೆಂಬ ಹೆಸರಿನ ಒಂದು ಗುಡಿಸಲುಕೇರಿ ಇತ್ತು. ಎರಡು ಕೆರೆಗಳ ಸುತ್ತಲೂ ಬಡಜನರು ಸುಮಾರು 200 ಮಂದಿ ವಾಸವಾಗಿದ್ದರು. 1894ರ ಮಾರ್ಚಿ ಕೊನೆಯಲ್ಲಿ ಅಲ್ಲಿ ವಾಂತಿಭೇದಿಯು ಕಾಣಿಸಿ ಇಬ್ಬರು ಸತ್ತರು. ಆಗ 116 ಮಂದಿ ಮದ್ದನ್ನು ಹಾಕಿಸಿಕೊಂಡರು. ಆಮೇಲೆ ಅದೇ ಕೇರಿಯಲ್ಲಿ ಇನ್ನೂ 10 ಮಂದಿಗೆ ಬೇನೆ ಬಂದು 7 ಮಂದಿ ಸತ್ತರು. ಆ ಹತ್ತು ಮಂದಿಯಲ್ಲಿ ಒಬ್ಬನಾದರೂ ಮದ್ದನ್ನು ಹಾಕಿಸಿಕೊಂಡವನಲ್ಲ. ಇಂಥ ಲೆಕ್ಕವನ್ನು ನೋಡಿ ಕಲ್ಕತ್ತೆಯ ಆರೋಗ್ಯಾಧಿಕಾರಿಗಳಾಗಿದ್ದ ಸಿಂಪ್ಸನ್ನರು ಹಾಫ್‌ಕಿನರಿಗೆ ದೃಢವಾದ ಸ್ನೇಹಿತರಾದರು. ಅಷ್ಟರಲ್ಲಿ ಹಾಫ್‌ಕಿನರಿಗೆ ಮಲೇರಿಯಾ ಜ್ವರ ಬಂದು ದೇಹವು ಕುಗ್ಗಿಹೋಯಿತು. 1895ರಲ್ಲಿ ಯುರೋಪಿಗೆ ಹೋಗಿ, ಪೂರ್ಣವಾಗಿ ಸುಧಾರಿಸುವ ಮುಂಚೆಯೇ ಮರುವರುಷ ತಿರಿಗಿ ಬಂದರು.

ಆ 1896ರಲ್ಲಿಯೇ ಮುಂಬಯಿಗೆ ಪ್ಲೇಗು ಬಂತು. ಬಂದರಿನ ಹತ್ತಿರದ ಮಾಂಡವಿ ಎಂಬ ಪೇಟೆಯಲ್ಲಿ ಮೊದಲು ಕಾಣಿಸಿ, ಕೆಲವು ತಿಂಗಳುಗಳಲ್ಲಿ ಪಟ್ಟಣವನ್ನೆಲ್ಲಾ ಹಿಡಿಯಿತು. ಲಕ್ಷಗಟ್ಟಲೆ ಜನರು ಗಂಟುಮೂಟೆಗಳನ್ನು ಹೊತ್ತುಕೊಂಡು ಓಡಿಹೋದರು. ಗಿರಣಿಗಳಲ್ಲಿ ಕೆಲಸ ಮಾಡುವವರಿಲ್ಲದೆ ಹೋಯಿತು. ಸರಕಾರದವರು ಹಾಫ್‌ಕಿನರನ್ನು ಅಕ್ಟೋಬರಿನಲ್ಲಿ ಮುಂಬಯಿಗೆ ಕಳುಹಿಸಿದರು. ಗ್ರಾಂಟ್ ವೈದ್ಯಶಾಲೆಯಲ್ಲಿ ಅವರಿಗೆ ದೊರಕಿದ್ದು ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು. ಕೆಲಸದ ಭಾರಕ್ಕೆ ಸಹಾಯಕರಲ್ಲಿ ಒಬ್ಬನು ಕಾಯಿಲೆ ಬಿದ್ದನು, ಇಬ್ಬರು ಬಿಟ್ಟುಹೋದರು. ಹಾಫ್‌ಕಿನರು ಹಗಲಿರುಳು ದುಡಿದು ಮೂರು ತಿಂಗಳೊಳಗೆ ಮದ್ದನ್ನು ಸಿದ್ಧಮಾಡಿದರು.

ಆ ಮದ್ದನ್ನು ಮಾಡುವ ಕ್ರಮವು ಹೀಗಿತ್ತು. ಪ್ಲೇಗಿನ ರೋಗಬೀಜವನ್ನು ಮಾಂಸದ ಸಾರಿನಲ್ಲಿ ಬೆಳೆಸಬೇಕು. ಈ ದೇಶದ ಹಿಂದೂಗಳೂ ಮುಸಲ್ಮಾನರೂ ಮನಸ್ಸಿನಲ್ಲಿ ನೋಯಬಾರದೆಂದು ಅವರು ದನದ ಮಾಂಸವನ್ನೂ ಹಂದಿಯ ಮಾಂಸವನ್ನೂ ಬಿಟ್ಟು ಆಡಿನ ಮಾಂಸವನ್ನು ಉಪಯೋಗಿಸಿದರು. ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ, ರೋಗಬೀಜಗಳು ಆ ಹನಿಗಳ ಅಡಿಯಿಂದ ಆಲದ ಬಿಳಲುಗಳಂತೆ ಕೆಳಕ್ಕೆ ಇಳಿದು ಬೆಳೆಯುವವು. ಪಾತ್ರೆಯನ್ನು ಅಲ್ಲಾಡಿಸಿದರೆ ಅವು ಉದುರಿ ಅಡಿಗೆ ಕೂತುಕೊಳ್ಳುವವು, ಹೊಸವು ಇಳಿಯುವವು. ಸುಮಾರು ಆರು ವಾರ ಹೀಗೆ ಬೆಳೆಸಿ, ಬಳಿಕ ಒಂದು ಗಂಟೆಯ ಹೊತ್ತು ಕಾಯಿಸಿ ರೋಗಬೀಜಗಳನ್ನೆಲ್ಲಾ ಕೊಲ್ಲುವರು. ಆದಕಾರಣ ಈ ಮದ್ದಿನಲ್ಲಿ ಜೀವವುಳ್ಳ ರೋಗಬೀಜವಿಲ್ಲ. ಅದರ ಸತ್ತ ದೇಹವೂ ವಿಷವೂ ಮಾತ್ರ ಉಂಟು. ಕೆಡದಂತೆ ಸ್ವಲ್ಪ ಕಾರ್ಬಾಲಿಕ್ ದ್ರಾವಕವನ್ನು ಬೆರಸಿ ಸೀಸೆಗಳಲ್ಲಿ ತುಂಬುವರು.

1897ನೇ ಇಸವಿ ಜನವರಿ 10ರಲ್ಲಿ ಹಾಫ್‌ಕಿನರು ಈ ಮದ್ದನ್ನೂ ಮೊದಲು ತಮಗೇ ಚುಚ್ಚಿಸಿಕೊಂಡರು. ಬೇರೆಯವರಿಗೆ ಕೊಡಬೇಕೆಂದಿದ್ದ ಅಳತೆಗಿಂತ ಹಲವು ಪಾಲು ಹೆಚ್ಚಾಗಿ ತೆಗೆದುಕೊಂಡರು. ಯಾಕಂದರೆ ಹೆಚ್ಚಿನದನ್ನು ತನ್ನ ದೇಹವು ತಾಳಿದರೆ ಕಡಿಮೆಯದನ್ನು ಬಡವನ ದೇಹವು ತಾಳುವದೆಂಬ ನಿಶ್ಚಯ ಬೇಕಾಗಿತ್ತು. ಜ್ವರವೂ ನೋವೂ ಬಂದು ಹೋದವು. ಆಮೇಲೆ ಅದೇ ತಿಂಗಳ ಕೊನೆಯಲ್ಲಿ ಬೈಕುಲ್ಲಾ ಸೆರೆಮನೆಯೊಳಗೆ ಪ್ಲೇಗು ನುಗ್ಗಿದಾಗ, ಅಲ್ಲಿಯ ಕೈದಿಗಳಲ್ಲಿ ಸುಮಾರು ಅರ್ಧ ಜನರು ಸ್ವಂತ ಇಷ್ಟದಿಂದ ಹಾಕಿಸಿಕೊಂಡರು. ಹಾಕಿಸಿಕೊಂಡವರಲ್ಲಿ ಬೇನೆ ಬಿದ್ದವರು ಉಳಿದವರಿಗಿಂತ ಬಹಳ ಕಡಿಮೆ ಎಂದು ಕಂಡುಬಂತು.

ಇದೇ ಕಾಲದಲ್ಲಿ ಪ್ಲೇಗನ್ನು ತಡೆಯುವದಕ್ಕಾಗಿ ಬೇರೊಂದು ದಾರಿಯೂ ನಡೆಯಿತು. ಪುಣೆಯಲ್ಲಿ ಸಿಪಾಯಿಗಳು ಮನೆಮನೆಗೆ ನುಗ್ಗಿ ರೋಗಿಗಳನ್ನು ಹುಡುಕುವದು, ಸಾಮಾನುಗಳನ್ನು ಹೊರಗೆ ಎಸೆಯುವದು, ಜನರನ್ನು ದೂರದ ಬಿಡಾರಗಳಿಗೆ ಸಾಗಿಸುವದು ಮುಂತಾದವುಗಳಿಂದ ಜನರ ಮನಸ್ಸು ಕುದಿಯಿತು. 1897ರ ಜೂನಿನಲ್ಲಿ ಅಲ್ಲಿಯ ಪ್ಲೇಗಿನ ಅಧಿಕಾರಿಗಳಾದ ರ‍್ಯಾಂಡ್ ಎಂಬವರನ್ನು ಗುಂಡಿಟ್ಟು ಕೊಂದರು. ಒಳ್ಳೇದನ್ನೂ ಬಲಾತ್ಕಾರದಿಂದ ಮಾಡಿದರೆ ಕೆಟ್ಟದ್ದಾಗಿ ಕಾಣುವದು. ಚುಚ್ಚಿಸಿಕೊಂಡವರು ಸಾಯುವರು, ಅವರಿಗೆ ಸಂತಾನವಾಗದು ಎಂಬ ಸುಳ್ಳು ಸುದ್ದಿಗಳೂ ಊರೂರಿಗೆ ಹಬ್ಬಿದವು. ಈ ಸುದ್ದಿಗಳನ್ನು ಓಡಿಸಿದ್ದು ಸಿಪಾಯಿಯ ಬಂದೂಕವಲ್ಲ. ಖೋಜಾ ಮುಸಲ್ಮಾನರ ಗುರುಗಳಾದ ಆಗಾ ಖಾನರು ತಮ್ಮ ಜನರ ಮುಂದೆ ತಾವೇ ಮದ್ದನ್ನು ಹಾಕಿಸಿಕೊಂಡು, ಹಾಫ್‌ಕಿನರ ಕೆಲಸಕ್ಕೆ ತಮ್ಮ ಬಂಗಲೆಯನ್ನೂ ಬಿಟ್ಟುಕೊಟ್ಟರು. ಆಗ ಅವರ ಜನರು ಸಾವಿರಗಟ್ಟಲೆ ಬಂದರು. ಜನರ ನಾಯಕನಾದವನು ತೋಳನ್ನು ಮೊದಲು ಚಾಚಿದರೆ ಹಿಂಡು ಹಿಂಬಾಲಿಸುವದೆಂಬದು ಸಭೆಯ ಹಿರಿಯರೂ ಉಪದೇಶಕರೂ ಯೋಚಿಸತಕ್ಕ ಸಂಗತಿ.

ಇನ್ನು ಉಂಢೇರಾ ಎಂಬ ಹಳ್ಳಿಯ ಸಂಗತಿಯನ್ನು ಹೇಳಬೇಕು. ಇದು ಬರೋಡ ಸಂಸ್ಥಾನದ ಒಂದು ಹಳ್ಳಿ, ನಮ್ಮ ಹಳ್ಳಿಗಳಂತೆಯೇ ಒಕ್ಕಲಿಗರ ಊರು. ಸುಮಾರು ಸಾವಿರ ಜನರಿದ್ದರು. 1898ರ ಫೆಬ್ರವರಿಯಲ್ಲಿ ಪ್ಲೇಗು ಆ ಊರನ್ನು ಹಿಡಿದಿರುವಾಗಲೇ ಹಾಫ್‌ಕಿನರು ಅಲ್ಲಿಗೆ ಹೋದರು. ಊರವರನ್ನು ಮನೆಮನೆಯಾಗಿ ಸಾಲಾಗಿ ನಿಲ್ಲಿಸಿ, ಪ್ರತಿ ಮನೆಯಲ್ಲಿ ಅರ್ಧ ಮಂದಿಗೆ ಮದ್ದನ್ನು ಹಾಕಿದರು. ಗಂಡಸರು, ಹೆಂಗಸರು, ಮಕ್ಕಳು, ಬಲವುಳ್ಳವರು, ಬಲವಿಲ್ಲದವರು ಎರಡು ಪಾಲಿನಲ್ಲಿಯೂ ಸಮನಾಗಿ ಇರುವಂತೆ ನೋಡಿಕೊಂಡರು. ಆಮೇಲೆ ಆ ಊರಿನ 28 ಮನೆಗಳಿಗೆ ಪ್ಲೇಗು ಹೊಕ್ಕಿತು. ಆ ಮನೆಗಳಲ್ಲಿ ಮದ್ದನ್ನು ಹಾಕಿಸಿಕೊಂಡವರು 71 ಮಂದಿ. ಅವರಲ್ಲಿ 8 ಮಂದಿ ಬೇನೆ ಬಿದ್ದು 3 ಮಂದಿ ಸತ್ತರು. ಹಾಕಿಸಿಕೊಳ್ಳದವರು 64 ಮಂದಿ. ಅವರಲ್ಲಿ 27 ಮಂದಿ ಬೇನೆ ಬಿದ್ದು 26 ಮಂದಿ ಸತ್ತರು.

ಈ ಲೆಕ್ಕವನ್ನು ಓದುವಾಗ ನಮ್ಮ ಮನಸ್ಸಿನಲ್ಲಿ ಎರಡು ಯೋಚನೆಗಳು ಹುಟ್ಟುತ್ತವೆ. ಇದರಷ್ಟು ಸ್ಪಷ್ಟವಾದ ಸಾಕ್ಷಿ ಸಿಕ್ಕುವದು ಅಪರೂಪ. ಒಂದೇ ಸೂರಿನ ಕೆಳಗೆ ಮಲಗಿದವರಲ್ಲಿ ಒಬ್ಬನು ಉಳಿದನು, ಒಬ್ಬನು ಹೋದನು. ಆದರೆ ಆ 26 ಮಂದಿಯೂ ತಾಯಿ, ಮಗ, ಸೊಸೆ, ಅಜ್ಜ ಎಂದು ಯಾರಿಗೋ ಬೇಕಾದವರೇ ಆಗಿದ್ದರು. ಎಲ್ಲರಿಗೂ ಹಾಕಿದ್ದರೆ ಅವರಲ್ಲಿ ಬಹುಮಂದಿ ಉಳಿಯುತ್ತಿದ್ದರೇನೋ ಎಂಬ ಪ್ರಶ್ನೆಯು ಸಹಜವಾಗಿ ಏಳುವದು. ಮದ್ದಿನ ಮೇಲೆ ಇನ್ನೂ ಸಂದೇಹವಿದ್ದ ಕಾಲವದು. ಎಲ್ಲರಿಗೂ ಹಾಕಿದ್ದರೆ ಬೇನೆಯು ತಾನಾಗಿಯೇ ಇಳಿಯಿತೆಂದು ವಿರೋಧಿಗಳು ಹೇಳುತ್ತಿದ್ದರು, ಸಂದೇಹವು ಹೋಗುತ್ತಿರಲಿಲ್ಲ. ಇಂದಿನ ಕಾಲದಲ್ಲಿ ಇಂಥ ಪರೀಕ್ಷೆಗಳಿಗೆ ಮುಂಚೆ ಪ್ರತಿ ಮನುಷ್ಯನಿಗೂ ವಿವರವನ್ನು ತಿಳಿಸಿ ಅವನ ಒಪ್ಪಿಗೆಯನ್ನು ಪಡೆಯಬೇಕೆಂಬ ನಿಯಮಗಳಿವೆ, ಅದು ನ್ಯಾಯವೇ. ಆದರೂ ಮದ್ದಿನ ಬಗ್ಗೆ ನಮಗಿರುವ ತಿಳುವಳಿಕೆಯು ಬಿಟ್ಟಿಯಾಗಿ ಬಂದದ್ದಲ್ಲ, ಹೆಸರು ತಿಳಿಯದ ಹಳ್ಳಿಯ ಬಡವರು ಅದಕ್ಕೆ ಪ್ರಾಣದ ಬೆಲೆಯನ್ನು ಕೊಟ್ಟರೆಂಬದನ್ನು ನಾವು ಮರೆಯಬಾರದು.

ಅದೇ 1898ರಲ್ಲಿ ಪ್ಲೇಗು ನಮ್ಮ ಸೀಮೆಯಲ್ಲಿ ಬಲವಾಯಿತು. ಹುಬ್ಬಳ್ಳಿ ಧಾರವಾಡಗಳಲ್ಲಿ ಅನೇಕರು ಸತ್ತರು. ಆಗಸ್ಟಿನಲ್ಲಿ ರೈಲಿನ ದಾರಿಯಾಗಿ ಬೆಂಗಳೂರಿಗೂ ಬಂತು. ಹುಬ್ಬಳ್ಳಿಯಲ್ಲಿ ಹಾಫ್‌ಕಿನರ ಮದ್ದನ್ನು ಬಹುದೊಡ್ಡ ಪ್ರಮಾಣದಲ್ಲಿ ಹಾಕಿದರು. ಊರಿನವರು ಗುಂಪುಗುಂಪಾಗಿ ಬಂದು ಹಾಕಿಸಿಕೊಂಡರು. ಬೆಂಗಳೂರಿನಲ್ಲಿ ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ನೆಲೆಗೊಳಿಸಬೇಕೆಂದು ಮಲ್ಲೇಶ್ವರ, ಬಸವನಗುಡಿ ಎಂಬ ಹೊಸ ಬಡಾವಣೆಗಳು ಎದ್ದದ್ದೂ ಆ ಪ್ಲೇಗಿನ ಕಾಲದಲ್ಲಿಯೇ.

ಈ ಮದ್ದು ಎಲ್ಲವನ್ನೂ ಸಾಧಿಸಿತೆಂದು ಹೇಳಿದರೆ ನಾವು ಸುಳ್ಳಾಡಿದ ಹಾಗಾಗುವದು. ಹಾಕಿಸಿಕೊಂಡವರಿಗೆ ತೋಳು ಊದಿ ಜ್ವರ ಬರುತ್ತಿತ್ತು. ಅದರ ಬಲವು ಕೆಲವು ತಿಂಗಳು ಮಾತ್ರ ನಿಲ್ಲುತ್ತಿತ್ತು. ಆಗಲೇ ಬೇನೆ ಬಿದ್ದವನನ್ನು ಅದು ಎಬ್ಬಿಸುತ್ತಿರಲಿಲ್ಲ. ಪ್ಲೇಗು ಇಲಿಯ ಮೈಮೇಲಿನ ಚಿಗಟದಿಂದ ಮನುಷ್ಯನಿಗೆ ದಾಟುವದೆಂಬದನ್ನು 1898ರಲ್ಲಿ ಸಿಮೋನ್ ಎಂಬ ಫ್ರೆಂಚ್ ವೈದ್ಯರು ಹೇಳಿದರು, ಅನೇಕರು ನಂಬಲಿಲ್ಲ. ಹಾಫ್‌ಕಿನರು ಸ್ಥಾಪಿಸಿದ ಮುಂಬಯಿಯ ಪ್ರಯೋಗಶಾಲೆಯಲ್ಲಿಯೇ ಮುಂದೆ ಅದು ನಿಜವೆಂದು ಸ್ಥಿರವಾಯಿತು. ಬೇನೆ ಬಿದ್ದವರನ್ನು ನಿಶ್ಚಯವಾಗಿ ಗುಣಪಡಿಸುವ ಔಷಧಗಳು 1940ರ ದಶಕದಲ್ಲಿ ಬಂದವು. ಒಬ್ಬರು ಗೋಡೆಯ ಒಂದು ವರಸೆಯನ್ನು ಇಡುತ್ತಾರೆ, ಅದರ ಮೇಲೆ ಇನ್ನೊಬ್ಬರು ಇಡುತ್ತಾರೆ.

1899ರಲ್ಲಿ ಪ್ರಯೋಗಶಾಲೆಯು ಮುಂಬಯಿಯ ಪರೇಲಿನಲ್ಲಿದ್ದ ಹಳೇ ಗವರ್ನರರ ಬಂಗಲೆಗೆ ಹೋಯಿತು. ದೇಶದ ಎಲ್ಲಾ ಕಡೆಗಳಿಂದ ಮದ್ದಿಗಾಗಿ ಬೇಡಿಕೆ ಬರುತ್ತಿತ್ತು. 1902ರಲ್ಲಿ ಪಂಜಾಬಿನವರು ಲಕ್ಷಗಟ್ಟಲೆ ಜನರಿಗೆ ಹಾಕಬೇಕೆಂದು ನಿರ್ಣಯಿಸಿದಾಗ, ಹಾಫ್‌ಕಿನರು ಬೇಗನೆ ತಯಾರಾಗುವ ಹೊಸ ಕ್ರಮವನ್ನು ಹಿಡಿದರು. ಅದರಲ್ಲಿ ಕಾರ್ಬಾಲಿಕ್ ದ್ರಾವಕವನ್ನು ಬೆರಸುವದನ್ನು ಬಿಟ್ಟರು. ಹೀಗಿರಲಾಗಿ ಅಕ್ಟೋಬರ್ 30ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಮಂದಿಗೆ ಮದ್ದನ್ನು ಹಾಕಿದರು. ಒಂದು ಸೀಸೆಯಿಂದ ಹಾಕಿಸಿಕೊಂಡ 19 ಮಂದಿಗೆ ಸುಮಾರು ಒಂದು ವಾರದ ಮೇಲೆ ಧನುರ್ವಾಯು ಹಿಡಿಯಿತು. ದವಡೆ ಬಿಗಿದು, ಮೈ ಬಿಲ್ಲಿನಂತೆ ಬಾಗಿ, ಹತ್ತೊಂಬತ್ತು ಮಂದಿಯೂ ಸತ್ತರು. ಬೇರೆ ಸೀಸೆಗಳಿಂದ ಹಾಕಿಸಿಕೊಂಡವರಿಗೆ ಏನೂ ಆಗಲಿಲ್ಲ.

ಆ ಹಳ್ಳಿಯ ದುಃಖವನ್ನು ನಾವು ಬರೆಯಲಾರೆವು. ಬೇನೆಯಿಂದ ತಪ್ಪಿಸಿಕೊಳ್ಳುವದಕ್ಕೆಂದು ನಂಬಿ ತೋಳನ್ನು ಚಾಚಿದವರು ಆ ನಂಬಿಕೆಯಿಂದಲೇ ಸತ್ತರು. ಸರಕಾರದವರು ವಿಚಾರಣೆಗಾಗಿ ಮುಂಬಯಿಯ ಮುಖ್ಯ ನ್ಯಾಯಾಧೀಶರ ಕೆಳಗೆ ಒಂದು ಮಂಡಲಿಯನ್ನು ನೇಮಿಸಿದರು. ಸೀಸೆಯು ಪರೇಲಿನಿಂದ ಹೊರಡುವ ಮುಂಚೆಯೇ ಅದರಲ್ಲಿ ಧನುರ್ವಾಯುವಿನ ಬೀಜ ಸೇರಿತ್ತೆಂದು ಮಂಡಲಿಯವರು ತೀರ್ಮಾನಿಸಿದರು. ಕಾರ್ಬಾಲಿಕ್ ದ್ರಾವಕವನ್ನು ಬಿಟ್ಟದ್ದು ಹಾಫ್‌ಕಿನರ ಅಪರಾಧವಾಗಿ ಎಣಿಸಲ್ಪಟ್ಟಿತು. ಅವರನ್ನು ಕೆಲಸದಿಂದ ನಿಲ್ಲಿಸಿದರು. 1904ರಲ್ಲಿ ಅವರು ಕಳಂಕವನ್ನು ಹೊತ್ತುಕೊಂಡೇ ಇಂಗ್ಲೆಂಡಿಗೆ ಹೋದರು. ಅವರು ಪರದೇಶಸ್ಥರೂ ಯೆಹೂದ್ಯರೂ ಆದದ್ದರಿಂದಲೇ ಅಷ್ಟು ಬೇಗನೆ ತಪ್ಪನ್ನು ಹೊರಿಸಿದರೆಂದು ಹೇಳಿದವರೂ ಉಂಟು.

ಆದರೆ ಸೀಸೆಯು ಬೇರೆ ಸಾಕ್ಷಿಯನ್ನು ಹೇಳುತ್ತಿತ್ತು. ಅದನ್ನು ತುಂಬಿ ಮುಚ್ಚಿದ್ದು ಮುಲ್ಕೋವಾಲಿನಲ್ಲಿ ತೆರೆಯುವದಕ್ಕೆ 41 ದಿವಸ ಮುಂಚೆ. ಅಷ್ಟು ದಿವಸ ಧನುರ್ವಾಯುವಿನ ಬೀಜವು ಅದರಲ್ಲಿ ಬೆಳೆದಿದ್ದರೆ ತೆರೆದ ಕೂಡಲೆ ದುರ್ವಾಸನೆ ಬಡಿಯಬೇಕು. ತೆರೆದಾಗ ಅಂಥ ವಾಸನೆ ಇರಲಿಲ್ಲ. ಮಾತ್ರವಲ್ಲದೆ, ಅಷ್ಟು ಬೆಳೆದ ವಿಷವಾಗಿದ್ದರೆ ರೋಗಿಗಳು ಇನ್ನೂ ಬೇಗನೆ ಬೀಳಬೇಕಾಗಿತ್ತು. ಇನ್ನೊಂದು ಸಂಗತಿಯೂ ವಿಚಾರಣೆಯ ಕಾಗದಗಳಲ್ಲಿಯೇ ಇತ್ತು. ಸೀಸೆಯ ಬಿರಡೆಯನ್ನು ತೆಗೆಯುವ ಚಿಮಟವು ಆ ದಿವಸ ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದಿತ್ತು. ಅವನು ಅದನ್ನು ಬೆಂಕಿಯಲ್ಲಿ ಕಾಯಿಸದೆ, ಕಾರ್ಬಾಲಿಕ್ ನೀರಿನಲ್ಲಿ ಒಮ್ಮೆ ಅಲ್ಲಾಡಿಸಿ ಆ ಸೀಸೆಗೆ ಹಾಕಿದನು. ಧನುರ್ವಾಯುವಿನ ಬೀಜವು ದನಕುದುರೆಗಳು ತಿರುಗುವ ಮಣ್ಣಿನಲ್ಲಿ ಇರುತ್ತದೆ. ಅಷ್ಟರಿಂದ ಅದು ಸಾಯುವದಿಲ್ಲ.

ಇಷ್ಟು ತಿಳಿದಿದ್ದರೂ ನ್ಯಾಯವು ಬರುವದಕ್ಕೆ ಬಹುಕಾಲ ಹಿಡಿಯಿತು. ಹಾಫ್‌ಕಿನರು ನಿಂದಿಸಿದವರನ್ನು ತಿರಿಗಿ ನಿಂದಿಸದೆ, ಕಾಗದಗಳನ್ನು ಶೇಖರಿಸಿ ಕಾದರು. ಕಲ್ಕತ್ತೆಯ ಸ್ನೇಹಿತರಾದ ಸಿಂಪ್ಸನ್ನರು ಅವರನ್ನು ಕೈಬಿಡಲಿಲ್ಲ. ಮಲೇರಿಯಾ ಜ್ವರವು ಸೊಳ್ಳೆಯಿಂದ ಬರುವದೆಂದು ಸಿಕಂದರಾಬಾದಿನಲ್ಲಿ ಕಂಡುಹಿಡಿದ ರೊನಾಲ್ಡ್ ರಾಸರು ಪತ್ರಿಕೆಗಳಲ್ಲಿ ಅವರ ಪಕ್ಷವಾಗಿ ಬರೆದರು. 1907ರ ಜುಲೈಯಲ್ಲಿ ಹತ್ತು ಮಂದಿ ಪ್ರಸಿದ್ಧ ಪಂಡಿತರು ಲಂಡನಿನ ಟೈಮ್ಸ್ ಪತ್ರಿಕೆಯಲ್ಲಿ ಸಹಿ ಹಾಕಿ ಪತ್ರವನ್ನು ಪ್ರಕಟಿಸಿದರು. ಕಡೆಗೆ ಆ ವರುಷದ ನವೆಂಬರಿನಲ್ಲಿ ಸರಕಾರದವರು ಕಳಂಕವನ್ನು ತೆಗೆದು ಅವರನ್ನು ತಿರಿಗಿ ಕೆಲಸಕ್ಕೆ ಕರೆದರು. ಅವರ ಬಾಳಿನ ಬಲವುಳ್ಳ ಐದು ವರುಷಗಳು ಅಷ್ಟರಲ್ಲಿ ಹೋಗಿದ್ದವು.

ಅವರು ಸಿಟ್ಟಿಲ್ಲದೆ ಕಲ್ಕತ್ತೆಗೆ ಬಂದರು. ಆದರೆ ಪರೇಲಿನಲ್ಲಿ ಬೇರೊಬ್ಬರು ಇದ್ದರು. ಜನರ ನಡುವೆ ಹೊಸ ಮದ್ದುಗಳನ್ನು ಪರೀಕ್ಷಿಸುವ ಅವಕಾಶವು ಇವರಿಗೆ ಹಿಂದಿನಂತೆ ದೊರೆಯಲಿಲ್ಲ. 55 ವರುಷದ ವಯಸ್ಸು ಸಮೀಪಿಸಿದಾಗ ಕೆಲಸದಿಂದ ನಿವೃತ್ತರಾಗಿ ಯುರೋಪಿಗೆ ಹೋದರು. ಮದುವೆಯಾಗಲಿಲ್ಲ. ಕೂಡಿಸಿದ ಹಣವನ್ನು ಯೆಹೂದ್ಯರ ಮತವಿದ್ಯಾಶಾಲೆಗಳ ವಿದ್ಯಾರ್ಥಿಗಳಿಗಾಗಿ ಬರೆದಿಟ್ಟು, 1930ನೇ ಇಸವಿ ಅಕ್ಟೋಬರ್ 26ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ಪಟ್ಟಣದಲ್ಲಿ ತೀರಿಹೋದರು. ಅದಕ್ಕೆ ಐದು ವರುಷ ಮುಂಚೆ, 1925ರಲ್ಲಿ, ಪರೇಲಿನ ಪ್ರಯೋಗಶಾಲೆಗೆ ಅವರ ಹೆಸರನ್ನಿಟ್ಟಿದ್ದರು. 1897ರಿಂದ ಆ ವರೆಗೆ ಅಲ್ಲಿಂದ ಹೊರಟ ಪ್ಲೇಗಿನ ಮದ್ದಿನ ಲೆಕ್ಕವು ಸುಮಾರು 2 ಕೋಟಿ 60 ಲಕ್ಷ ಪಾಲು. ಹಾಫ್‌ಕಿನ್ ಸಂಸ್ಥೆಯು ಇಂದಿಗೂ ಮುಂಬಯಿಯಲ್ಲಿ ಉಂಟು.

ವಾಚಕರೇ, ಈ ಚರಿತ್ರೆಯಿಂದ ನಾವು ಮನೆಗೆ ಒಯ್ಯತಕ್ಕದ್ದೇನು? ಹಾಫ್‌ಕಿನರ ಕೆಲಸವೆಲ್ಲಾ ಒಂದೇ ವಸ್ತುವಿನ ಮೇಲೆ ನಿಂತಿತ್ತು. ಅದು ಜನರ ನಂಬಿಕೆ. ಅದನ್ನು ಅವರು ಮಾತಿನಿಂದ ಗಳಿಸಲಿಲ್ಲ, ಮೊದಲು ತಮ್ಮ ತೋಳನ್ನು ಕೊಟ್ಟು, ಬಳಿಕ ಸತ್ತವರನ್ನೂ ಉಳಿದವರನ್ನೂ ಮರೆಮಾಚದೆ ಎಣಿಸಿ ಗಳಿಸಿದರು. ಅನೇಕ ವರುಷಗಳಲ್ಲಿ ಗಳಿಸಿದ್ದು ನೆಲಕ್ಕೆ ಬಿದ್ದ ಒಂದು ಚಿಮಟದಿಂದ ಒಂದೇ ದಿವಸದಲ್ಲಿ ಕೆಟ್ಟಿತು. ಆದಕಾರಣ ನಮ್ಮ ಊರಿಗೆ ಮದ್ದನ್ನು ತರುವ ದಾದಿಯಾಗಲಿ ಸಹಾಯಕನಾಗಲಿ ಸೂಜಿಯನ್ನು ಶುದ್ಧವಾಗಿಡುವ ಕೆಲಸವನ್ನು ಚಿಕ್ಕದೆಂದು ಎಣಿಸಬಾರದು. ಅದನ್ನು ನೋಡಿ ಕೇಳುವದಕ್ಕೆ ಊರವರೂ ನಾಚಿಕೊಳ್ಳಬಾರದು. ಮಣ್ಣು ತಾಗಿದ ಗಾಯವನ್ನು ತೊಳೆಯದೆ ಸೆಗಣಿ ಮೆತ್ತುವದು, ಹುಟ್ಟಿದ ಕೂಸಿನ ಹೊಕ್ಕಳು ಬಳ್ಳಿಯನ್ನು ಕೈಗೆ ಸಿಕ್ಕಿದ ಕುಡುಗೋಲಿನಿಂದ ಕೊಯ್ಯುವದು, ಇವುಗಳಲ್ಲಿಯೂ ಮುಲ್ಕೋವಾಲಿನ ಧನುರ್ವಾಯುವೇ ಹೊಂಚುಹಾಕಿ ಕೂತಿರುತ್ತದೆ. ಇಂದು ಅದಕ್ಕೂ ಚುಚ್ಚುಮದ್ದು ಉಂಟು. ಬಸುರಿಯರಿಗೂ ಮಕ್ಕಳಿಗೂ ಸರಕಾರಿ ಆಸ್ಪತ್ರೆಗಳಲ್ಲಿ ಕ್ರಯವಿಲ್ಲದೆ ಹಾಕುತ್ತಾರೆ.

ಚುಚ್ಚುಮದ್ದಿನ ಮೇಲೆ ಯಾವನಾದರೂ ಸುಳ್ಳು ಸುದ್ದಿಯನ್ನು ತಂದರೆ, ಅವನು ಎಷ್ಟು ಜನರನ್ನು ಎಣಿಸಿ ನೋಡಿ ಮಾತಾಡುತ್ತಾನೆಂದು ಕೇಳಿರಿ. ಯಾರ ಮೇಲಾದರೂ ಅಪವಾದ ಬಂದರೆ, ಸೀಸೆಯನ್ನು ತುಂಬಿದವನೋ ತೆರೆದವನೋ ಎಂದು ವಿಚಾರಿಸುವ ತನಕ ತೀರ್ಪು ಹೇಳಬೇಡಿರಿ. ಉಂಢೇರಾದ ಆ 28 ಮನೆಗಳವರಿಗೂ ಮುಲ್ಕೋವಾಲಿನ ಆ 19 ಮಂದಿಗೂ ನಾವು ಸಲ್ಲಿಸಬಹುದಾದ ಋಣವು ಇಷ್ಟೇ.